ನೀರಿದ್ದೂ ಆರದ ಕಾವು

ಲಿಕ್ವಿಡ್ ಕೂಲರ್ ಅಳವಡಿಸಿದ ಕಂಪ್ಯೂಟರಿನ ಪರದೆಯ ಮೇಲೆ ಪ್ರೊಸೆಸರಿನ ತಾಪಮಾನ 95 ಡಿಗ್ರಿ ಸೆಲ್ಸಿಯಸ್ ಎಂದು ಕಂಡಾಗ, ಆ ಅಂಕಿಯನ್ನಷ್ಟೇ ಹಿಡಿದುಕೊಂಡು ಯಾವ ಭಾಗ ಕೆಟ್ಟಿದೆಯೆಂದು ಹೇಳಲು ಬರುವುದಿಲ್ಲ. ಅಷ್ಟೇಕೆ, ಯಾವುದಾದರೊಂದು ಭಾಗ ಕೆಟ್ಟೇ ಇದೆಯೆಂದು ಹೇಳಲೂ ಬರುವುದಿಲ್ಲ. ಸಿಲಿಕಾನ್ ತುಣುಕಿನಲ್ಲಿ ಹುಟ್ಟಿದ ಕಾವು ಕೋಣೆಯ ಗಾಳಿಯನ್ನು ಸೇರುವ ಮೊದಲು ಐದಾರು ಕೈ ಬದಲಾಯಿಸುತ್ತದೆ, ಪ್ರತಿ ಕೈಯಲ್ಲೂ ಅದಕ್ಕೆ ಒಂದಿಷ್ಟು ತಡೆ ಎದುರಾಗುತ್ತದೆ, ಪರದೆಯ ಮೇಲೆ ಕಾಣುವುದು ಈ ತಡೆಗಳೆಲ್ಲ ಸೇರಿ ಕಟ್ಟಿದ ಮೊತ್ತ. ಆದ್ದರಿಂದ ದೋಷ ಹುಡುಕುವವರು ಮೊದಲು ಕೇಳಬೇಕಾದದ್ದು ತಾಪ ಎಷ್ಟು ಬೇಗ ಏರಿತು, ಎಲ್ಲಿ ಬಂದು ನಿಂತಿತು, ಆಗ ಕೋಣೆಯ ಗಾಳಿ ಎಷ್ಟು ಬಿಸಿಯಿತ್ತು ಎಂಬ ಮೂರು ಪ್ರಶ್ನೆಗಳನ್ನು. ಇವಕ್ಕೆ ಉತ್ತರ ಸಿಗುವ ಮುನ್ನವೇ ಸ್ಕ್ರೂಡ್ರೈವರ್ ಕೈಗೆತ್ತಿಕೊಳ್ಳುವುದು, ಇಲ್ಲವೇ ಇನ್ನೂ ದೊಡ್ಡ ಕೂಲರ್ ಕೊಳ್ಳಲು ಅಂಗಡಿಗೆ ಹೊರಡುವುದು, ಸಮಯಕ್ಕೂ ಹಣಕ್ಕೂ ನಷ್ಟ.

ಪ್ರೊಸೆಸರಿನೊಳಗೆ ಕೋಟಿಗಟ್ಟಲೆ ಟ್ರಾನ್ಸಿಸ್ಟರುಗಳು, ಅಂದರೆ ಕಣ್ಣಿಗೆ ಕಾಣದಷ್ಟು ಸಣ್ಣ ವಿದ್ಯುತ್ ಸ್ವಿಚ್ಚುಗಳು, ಸೆಕೆಂಡಿಗೆ ನಾನೂರು ಐನೂರು ಕೋಟಿ ಗಡಿಯಾರ ಮಿಡಿತಗಳ ಲಯಕ್ಕೆ ತೆರೆದು ಮುಚ್ಚುತ್ತಿರುತ್ತವೆ, ಹೀಗೆ ವ್ಯಯವಾಗುವ ವಿದ್ಯುತ್ತೆಲ್ಲ ಕೊನೆಗೆ ಶಾಖವಾಗಿಯೇ ಹೊರಬರುತ್ತದೆ. ವೇಗ ಹೆಚ್ಚಿದರೆ ಈ ವ್ಯಯ ಅದೇ ಪ್ರಮಾಣದಲ್ಲಿ ಹೆಚ್ಚುತ್ತದೆ, ಆದರೆ ವೋಲ್ಟೇಜ್ ಹೆಚ್ಚಿದರೆ ಅದರ ವರ್ಗದ ಪ್ರಮಾಣದಲ್ಲಿ ಹೆಚ್ಚುತ್ತದೆ. ಮೇಲಿನ ವೇಗಕ್ಕೆ ಮೇಲಿನ ವೋಲ್ಟೇಜ್ ಬೇಕೇ ಬೇಕಾದ್ದರಿಂದ ವೇಗದ ಕೊನೆಯ ಸ್ವಲ್ಪ ಭಾಗಕ್ಕೆ ತೆರುವ ಶಾಖದ ಬೆಲೆ ಬಹಳ ದುಬಾರಿ. 2022ರಲ್ಲಿ ಬಂದ ಇಂಟೆಲ್ ಕೋರ್ ಐ9-13900ಕೆ ಪ್ರೊಸೆಸರಿನ ಮೂಲ ವಿದ್ಯುತ್ ಮಿತಿ 125 ವ್ಯಾಟ್ ಇದ್ದರೆ ಪೂರ್ಣ ವೇಗದ ಮಿತಿ 253 ವ್ಯಾಟ್. ಅದೇ ವರ್ಷದ ಎಎಂಡಿ ರೈಜೆನ್ 9 7950ಎಕ್ಸ್ ಸಾಕೆಟ್ಟಿನಿಂದ 230 ವ್ಯಾಟ್‌ವರೆಗೆ ಎಳೆದುಕೊಳ್ಳಬಲ್ಲುದು. ಮನೆಯ ಇಸ್ತ್ರಿಪೆಟ್ಟಿಗೆ ಸಾವಿರ ವ್ಯಾಟ್ ಬಳಸುವಾಗ ಇದೇನು ಮಹಾ ಎನಿಸಬಹುದು. ಆದರೆ ಇಸ್ತ್ರಿಪೆಟ್ಟಿಗೆಯ ಶಾಖ ಸುಮಾರು 200 ಚದರ ಸೆಂಟಿಮೀಟರ್ ತಳದಲ್ಲಿ ಹರಡಿಕೊಂಡು ಚದರ ಸೆಂಟಿಮೀಟರಿಗೆ ಐದು ವ್ಯಾಟಿನಷ್ಟಾಗುತ್ತದೆ. ರೈಜೆನ್ 7950ಎಕ್ಸ್‌ನ ಎಂಟು ಕೋರ್‌ಗಳಿರುವ ಒಂದು ಸಿಲಿಕಾನ್ ತುಣುಕಿನ ವಿಸ್ತಾರವೋ ಸುಮಾರು 70 ಚದರ ಮಿಲಿಮೀಟರ್, ಅಂದರೆ ಕಿರುಬೆರಳಿನ ಉಗುರಿನಷ್ಟು, ಅದರಲ್ಲಿ ನೂರು ವ್ಯಾಟ್ ಹುಟ್ಟಿದರೆ ಚದರ ಸೆಂಟಿಮೀಟರಿಗೆ 140 ವ್ಯಾಟ್ ದಾಟುತ್ತದೆ. ಕಾವನ್ನು ಕಂಪ್ಯೂಟರಿನ ಪೆಟ್ಟಿಗೆಯಿಂದ ಹೊರಹಾಕುವುದಕ್ಕಿಂತ ಈ ಉಗುರಗಲದ ಜಾಗದಿಂದ ಎತ್ತಿಕೊಳ್ಳುವುದೇ ಕಷ್ಟದ ಕೆಲಸ ಎಂಬ ಮಾತನ್ನು ಇಲ್ಲಿಂದ ಮುಂದಕ್ಕೂ ನೆನಪಿನಲ್ಲಿಡಬೇಕು, ಏಕೆಂದರೆ ಮೊದಲ ಕೆಲವು ಮಿಲಿಮೀಟರುಗಳ ದಾರಿಯಲ್ಲಿ ನೀರಿನ ಪಾತ್ರವೇ ಇಲ್ಲ.

ಕಂಪ್ಯೂಟರಿಗೆ ನೀರುಣಿಸುವುದು ಹೊಸ ವಿದ್ಯೆಯಲ್ಲ. ಐಬಿಎಂ 1980ರಲ್ಲಿ ಪ್ರಕಟಿಸಿದ 3081 ಎಂಬ ಮೇನ್‌ಫ್ರೇಮಿನ ಚಿಪ್ಪುಗಳನ್ನು ತಣ್ಣೀರು ಹರಿಯುವ ಲೋಹದ ಫಲಕಗಳು ತಣಿಸುತ್ತಿದ್ದವು. 1985ರ ಕ್ರೇ-2 ಸೂಪರ್‌ಕಂಪ್ಯೂಟರಿನ ಮಂಡಲಗಳನ್ನು ವಿದ್ಯುತ್ ಹರಿಸದ ಫ್ಲೋರಿನರ್ಟ್ ದ್ರವದಲ್ಲಿ ಪೂರ್ತಿ ಮುಳುಗಿಸಿಡಲಾಗುತ್ತಿತ್ತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 2015ರಲ್ಲಿ ಸ್ಥಾಪನೆಯಾದ ಸಹಸ್ರಟಿ, ಕ್ರೇ ಎಕ್ಸ್‌ಸಿ40 ಮಾದರಿಯ ಯಂತ್ರ, ಅದರ ಕಪಾಟುಗಳಲ್ಲಿಯೂ ಗಾಳಿಯ ಕಾವನ್ನು ನೀರಿನ ಸುರುಳಿಗಳೇ ಹೀರಿಕೊಳ್ಳುತ್ತಿದ್ದವು. ಮೇಜಿನ ಮೇಲಿನ ಕಂಪ್ಯೂಟರುಗಳಿಗೆ ಈ ವಿಧಾನ ಇಳಿದು ಬಂದದ್ದು ಈ ಶತಮಾನದಲ್ಲಿ: ಆಪಲ್ 2004ರಲ್ಲಿ ತನ್ನ ಪವರ್ ಮ್ಯಾಕ್ ಜಿ5ರ ಅತಿವೇಗದ ಮಾದರಿಗೆ ದ್ರವವ್ಯವಸ್ಥೆ ಅಳವಡಿಸಿತು, ಡೆನ್ಮಾರ್ಕಿನ ಅಸೆಟೆಕ್‌ನಂಥ ಸಂಸ್ಥೆಗಳು ಕಾರ್ಖಾನೆಯಲ್ಲೇ ದ್ರವ ತುಂಬಿ ಬಾಯಿ ಮುಚ್ಚಿದ ಕೂಲರುಗಳನ್ನು ಬಳಕೆಗೆ ತಂದವು. ಇಂದು ಎಐಒ ಎಂಬ ಮೂರಕ್ಷರದ ಹೆಸರಿನಿಂದ ಅಂಗಡಿಗಳಲ್ಲಿ ಸಿಗುವುದು ಈ ಕೊನೆಯ ಬಗೆ, ಮುಂದಿನ ಮಾತುಗಳು ಮುಖ್ಯವಾಗಿ ಅದಕ್ಕೇ ಸಂಬಂಧಿಸಿದವು.

ಇದರಲ್ಲಿ ಕಾವು ಸಾಗುವ ದಾರಿ ಹೀಗಿದೆ. ಸಿಲಿಕಾನಿನ ಮೇಲೆ ಬೆಸುಗೆಯ ತೆಳುಪದರ, ಅದರ ಮೇಲೆ ನಿಕ್ಕಲ್ ಲೇಪದ ತಾಮ್ರದ ಮುಚ್ಚಳ. ಮುಚ್ಚಳಕ್ಕೂ ಕೂಲರಿನ ತಾಮ್ರದ ತಳಕ್ಕೂ ನಡುವೆ ಥರ್ಮಲ್ ಪೇಸ್ಟ್ ಎಂಬ ಮೆದುವಾದ ಲೇಪ. ತಳದ ಒಳಮೈಯಲ್ಲಿ ತಲೆಗೂದಲಿನಗಲದ ಕಾಲುವೆಗಳು, ಆ ಕಾಲುವೆಗಳ ಮೂಲಕ ಗ್ಲೈಕಾಲ್ ಮತ್ತು ತುಕ್ಕುನಿರೋಧಕ ಬೆರೆತ ನೀರನ್ನು ದೂಡುವ ಪುಟ್ಟ ಪಂಪ್. ಎರಡು ರಬ್ಬರ್ ಕೊಳವೆಗಳು. ಕೊನೆಗೆ ಬೈಕು ಕಾರುಗಳಲ್ಲಿ ಕಾಣುವಂಥ ರೇಡಿಯೇಟರ್ ಮತ್ತು ಅದರ ಫ್ಯಾನುಗಳು. ನೀರು ಒಂದೇ ಗಾತ್ರದ ಗಾಳಿಗಿಂತ ಮೂರು ಸಾವಿರ ಪಟ್ಟಿಗೂ ಹೆಚ್ಚು ಶಾಖವನ್ನು ಹೊರಬಲ್ಲುದಾದ್ದರಿಂದ ನಿಮಿಷಕ್ಕೆ ಒಂದು ಲೀಟರ್ ಹರಿದರೂ 250 ವ್ಯಾಟ್ ಕಾವನ್ನು ಹೊತ್ತು ಸಾಗುವಾಗ ಅದರ ಉಷ್ಣತೆ ನಾಲ್ಕು ಡಿಗ್ರಿಯೂ ಏರುವುದಿಲ್ಲ. ಹೀಗಾಗಿ ಸರಿಯಾಗಿ ನಡೆಯುತ್ತಿರುವ ಕೂಲರಿನ ಎರಡು ಕೊಳವೆಗಳನ್ನು ಎರಡು ಕೈಯಲ್ಲಿ ಹಿಡಿದು ನೋಡಿದರೆ ಬಿಸಿಯಲ್ಲಿ ವ್ಯತ್ಯಾಸವೇ ತಿಳಿಯದು. ಒಂದು ಬೆಚ್ಚಗೆ ಇನ್ನೊಂದು ತಣ್ಣಗೆ ಎಂದು ಕೈಗೆ ಸ್ಪಷ್ಟವಾಗಿ ತಿಳಿಯಿತೆಂದರೆ ನೀರು ತೆವಳುತ್ತಿದೆ ಎಂದೇ ಅರ್ಥ. ಪ್ರೊಸೆಸರ್ 95ರಲ್ಲಿ ಕುದಿಯುತ್ತಿರುವಾಗ ರೇಡಿಯೇಟರ್ ಬಳಿಯ ಕೊಳವೆಗಳೆರಡೂ ತಣ್ಣಗಿದ್ದು, ರೇಡಿಯೇಟರಿನಿಂದ ಹೊರಬರುವ ಗಾಳಿಯೂ ಕೋಣೆಯ ಗಾಳಿಯಂತೆಯೇ ಇದ್ದರೆ ಕಾವು ನೀರನ್ನೇ ಸೇರುತ್ತಿಲ್ಲ. ಯಾವ ಸಾಫ್ಟ್‌ವೇರೂ ಬೇಡದ ಈ ಪರೀಕ್ಷೆ, ಅರ್ಧ ನಿಮಿಷದಲ್ಲಿ ಮುಗಿಯುವಂಥದು, ಬಹುಪಾಲು ಅನುಮಾನಗಳನ್ನು ಎರಡು ಗುಂಪಾಗಿ ಸೀಳಿಬಿಡುತ್ತದೆ.

ಇನ್ನಷ್ಟು ಖಚಿತವಾಗಿ ತಿಳಿಯಲು ಮೂರು ಉಷ್ಣತೆಗಳನ್ನು ಒಟ್ಟಿಗೆ ಬರೆದುಕೊಳ್ಳಬೇಕು: ಕೋಣೆಯ ಗಾಳಿಯದು, ದ್ರವದ್ದು, ಪ್ರೊಸೆಸರಿನದು. ಮೊದಲನೆಯದಕ್ಕೆ ಗೋಡೆಯ ಥರ್ಮಾಮೀಟರ್ ಸಾಕು. ಎರಡನೆಯದನ್ನು ಹಲವು ಎಐಒಗಳು ತಾವೇ ತೋರಿಸುತ್ತವೆ. ಮೂರನೆಯದನ್ನು ಎಚ್‌ಡಬ್ಲ್ಯುಇನ್ಫೋದಂಥ ತಂತ್ರಾಂಶ ಕೋರ್ ಕೋರಿಗೂ ಬಿಡಿಸಿ ತೋರಿಸುತ್ತದೆ. ಸಿನೆಬೆಂಚ್‌ನಂಥ ಭಾರದ ಕೆಲಸವನ್ನು ಹದಿನೈದು ನಿಮಿಷ ಕೊಟ್ಟ ಮೇಲೆ ಕೋಣೆ 30, ದ್ರವ 42, ಪ್ರೊಸೆಸರ್ 82 ಎಂದು ಬಂದಿತೆನ್ನೋಣ. ಗಾಳಿಗಿಂತ ದ್ರವ 12 ಡಿಗ್ರಿ ಮೇಲೆ, ದ್ರವಕ್ಕಿಂತ ಪ್ರೊಸೆಸರ್ 40 ಡಿಗ್ರಿ ಮೇಲೆ. ದೊಡ್ಡ ಪ್ರೊಸೆಸರಿಗೆ ಇದು ಆರೋಗ್ಯದ ಲಕ್ಷಣ. ಅದೇ ಕೆಲಸಕ್ಕೆ 30, 58, 98 ಎಂದು ಬಂದರೆ ಎರಡನೆಯ ಅಂತರ ಅಷ್ಟೇ ಇದ್ದು ಮೊದಲನೆಯದು ಹಿಗ್ಗಿದೆ, ದೋಷ ರೇಡಿಯೇಟರ್, ಫ್ಯಾನು ಅಥವಾ ಗಾಳಿಯ ದಾರಿಯಲ್ಲಿದೆ. 30, 37, 98 ಎಂದು ಬಂದರೆ ರೇಡಿಯೇಟರಿಗೆ ಕೆಲಸವೇ ಸಿಕ್ಕಿಲ್ಲ, ದೋಷ ಪೇಸ್ಟು, ಕೂರಿಕೆ ಅಥವಾ ಕಾಲುವೆಗಳಲ್ಲಿದೆ. ಇಲ್ಲಿ ಒಂದು ಎಚ್ಚರಿಕೆ ಅಗತ್ಯ: ಕೆಲವು ಕೂಲರುಗಳಲ್ಲಿ ದ್ರವದ ಸಂವೇದಕ ಪಂಪಿನ ಪಕ್ಕದಲ್ಲೇ ಇರುವುದರಿಂದ ಪಂಪ್ ನಿಂತಾಗ ಅಲ್ಲೇ ನಿಂತ ನೀರು ಕಾದು ದ್ರವವೆಲ್ಲ ಬಿಸಿಯಾದಂತೆ ತೋರುತ್ತದೆ, ಆಗ ಅಂಕಿಗಿಂತ ಕೊಳವೆ ಮುಟ್ಟಿದ ಕೈಯನ್ನೇ ನಂಬುವುದು ಕ್ಷೇಮ.

ಕಲಬುರಗಿ ರಾಯಚೂರುಗಳ ಏಪ್ರಿಲ್ ಮಧ್ಯಾಹ್ನ ಎಸಿ ಇಲ್ಲದ ಕೋಣೆಯ ಗಾಳಿ 41ಕ್ಕೆ ಏರಿದರೆ ಮೇಲಿನ ಆರೋಗ್ಯವಂತ ಕೂಲರೇ 41, 53, 93 ಎಂದು ತೋರಿಸುತ್ತದೆ, ಮತ್ತು ಅದರಲ್ಲಿ ಯಾವ ದೋಷವೂ ಇರುವುದಿಲ್ಲ. ರೇಡಿಯೇಟರಿಗೆ ಗಾಳಿಯೊಂದೇ ಗತಿ, ಆ ಗಾಳಿಗಿಂತ ತಣ್ಣಗೆ ದ್ರವವನ್ನು ಇಳಿಸಲು ಅದಕ್ಕೆ ಸಾಧ್ಯವೇ ಇಲ್ಲ. ತಣ್ಣನೆಯ ದೇಶಗಳಲ್ಲಿ 20ರಿಂದ 22 ಡಿಗ್ರಿ ಕೋಣೆಯಲ್ಲಿ ಅಳೆದು ಪ್ರಕಟಿಸಿದ ಪರೀಕ್ಷಾ ಅಂಕಿಗಳನ್ನು ಕಲ್ಯಾಣ ಕರ್ನಾಟಕದ ಬೇಸಿಗೆಗೆ ಹೋಲಿಸಿಕೊಂಡು ಹೊಸ ಕೂಲರನ್ನು ದೂರುವವರು ಈ ಇಪ್ಪತ್ತು ಡಿಗ್ರಿಯನ್ನು ಲೆಕ್ಕಕ್ಕೆ ಹಿಡಿಯುವುದೇ ಇಲ್ಲ. ಇದೇ ನಿಯಮದಿಂದ ಕರಾವಳಿಯವರಿಗೆ ಒಂದು ಸಮಾಧಾನವೂ ಇದೆ: ದ್ರವ ಕೋಣೆಯ ಗಾಳಿಗಿಂತ ಎಂದೂ ತಣ್ಣಗಾಗದ ಕಾರಣ, ಮಂಗಳೂರಿನ ಮಳೆಗಾಲದ ತೇವದಲ್ಲಿಯೂ ಕೊಳವೆಗಳ ಮೇಲೆ ತಣ್ಣೀರಿನ ಲೋಟದ ಮೇಲಿನಂತೆ ಹನಿಗಟ್ಟುವ ಭಯವಿಲ್ಲ. ಸಮುದ್ರಮಟ್ಟದಿಂದ 900 ಮೀಟರ್ ಮೇಲಿರುವ ಬೆಂಗಳೂರಿನಲ್ಲಿ ಗಾಳಿ ಹತ್ತರಲ್ಲಿ ಒಂದು ಪಾಲಿನಷ್ಟು ತೆಳುವಾಗಿರುವುದರಿಂದ ಅದೇ ಫ್ಯಾನು ಅದೇ ವೇಗದಲ್ಲಿ ತುಸು ಕಡಿಮೆ ಕಾವನ್ನು ಹೊರುತ್ತದೆಯಾದರೂ ಅಲ್ಲಿನ ಹವೆಯ ತಂಪು ಈ ಕೊರತೆಯನ್ನು ತುಂಬಿ ಕೊಡುತ್ತದೆ.

ಇನ್ನು ಏರಿಕೆಯ ವೇಗ. ಸಿಲಿಕಾನಿನ ತುಣುಕು ಮಿಲಿಗ್ರಾಂಗಳ ತೂಕದ್ದು, ಅದು ಕ್ಷಣಾರ್ಧದಲ್ಲಿ ಕಾಯುತ್ತದೆ. ಎಐಒದೊಳಗಿನ ಕೆಲವು ನೂರು ಮಿಲಿಲೀಟರ್ ದ್ರವ ಕಾಯಲು ನಿಮಿಷಗಳು ಬೇಕು. ಬ್ರೌಸರ್ ತೆರೆದೊಡನೆ ಅಂಕಿ 45ರಿಂದ 65ಕ್ಕೆ ಹಾರಿ ಮರುಗಳಿಗೆಯಲ್ಲಿ ಇಳಿಯುವುದು ಈ ಹಗುರತನದ ಫಲ, ಅದಕ್ಕೆ ಹೆದರಬೇಕಾಗಿಲ್ಲ. ಭಾರದ ಕೆಲಸ ಕೊಟ್ಟ ಐದು ಸೆಕೆಂಡಿನಲ್ಲಿ ಅಂಕಿ ಗರಿಷ್ಠ ಮಿತಿಯನ್ನು ಮುಟ್ಟಿ ಅಲ್ಲೇ ಅಂಟಿಕೊಂಡರೆ ಕಾವು ಮೊದಲ ಕೆಲವು ಮಿಲಿಮೀಟರುಗಳಲ್ಲೇ ಸಿಕ್ಕಿಕೊಂಡಿದೆ, ಇಲ್ಲವೇ ಮದರ್‌ಬೋರ್ಡ್ ಮಿತಿಮೀರಿ ವಿದ್ಯುತ್ ಉಣಿಸುತ್ತಿದೆ. ಮೊದಲ ನಿಮಿಷ 75ರಲ್ಲಿ ಸುಮ್ಮನಿದ್ದು ಆಮೇಲೆ ಹತ್ತು ಹದಿನೈದು ನಿಮಿಷ ಒಂದೊಂದೇ ಡಿಗ್ರಿ ಏರುತ್ತ ಹೋದರೆ ದ್ರವ ಕಾಯುತ್ತಿದೆ, ರೇಡಿಯೇಟರಿಗೆ ಅದನ್ನು ಆರಿಸಲು ಆಗುತ್ತಿಲ್ಲ. ಪರದೆಯ ಮೇಲೆ ಉಷ್ಣತೆಯ ರೇಖಾಚಿತ್ರವನ್ನು ತೆರೆದಿಟ್ಟುಕೊಂಡು ಒಮ್ಮೆ ಇದನ್ನು ಕಣ್ಣಾರೆ ನೋಡಿದವರಿಗೆ, ನೆಟ್ಟಗೆ ನಿಂತ ಗೋಡೆಯಂಥ ಗೆರೆಗೂ ನಿಧಾನವಾಗಿ ಏರುವ ದಿಬ್ಬದಂಥ ಗೆರೆಗೂ ಇರುವ ಭೇದ ಮತ್ತೆ ಮರೆಯುವುದಿಲ್ಲ.

ಗೋಡೆಯಂಥ ಗೆರೆ ಕಂಡರೆ ಮೊದಲು ನೋಡಬೇಕಾದ್ದು ಪಂಪು. ಅದು ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತಿದೆಯೆಂದು ಬಯಾಸ್‌ನಲ್ಲಿ, ಅಂದರೆ ಮದರ್‌ಬೋರ್ಡಿನ ಮೂಲ ಸೆಟ್ಟಿಂಗುಗಳ ಪುಟದಲ್ಲಿ ಕಾಣುತ್ತದೆ. ಬಹಳಷ್ಟು ಪಂಪುಗಳಲ್ಲಿ ಇದು ಎರಡು ಮೂರು ಸಾವಿರ. ಪಂಪಿನ ತಂತಿಯನ್ನು ಅದಕ್ಕೆಂದೇ ಇರುವ ಕನೆಕ್ಟರಿಗೆ ಸಿಕ್ಕಿಸದೆ ಸಾಮಾನ್ಯ ಫ್ಯಾನಿನ ಕನೆಕ್ಟರಿಗೆ ಸಿಕ್ಕಿಸಿದ್ದರೆ ಮದರ್‌ಬೋರ್ಡ್ ಅದನ್ನೂ ಫ್ಯಾನೆಂದೇ ಬಗೆದು ಸದ್ದು ಕಡಿಮೆ ಮಾಡಲು ನಿಧಾನಗೊಳಿಸುತ್ತದೆ. ಪಂಪಿಗೆ ಸದಾ ಪೂರ್ಣ ಅಥವಾ ಹೆಚ್ಚುಕಡಿಮೆ ಪೂರ್ಣ ವೇಗವನ್ನೇ ಗೊತ್ತುಮಾಡಬೇಕು. ವೇಗ ಸರಿಯಾಗಿದ್ದೂ ಕೊಳವೆಗಳು ತಣ್ಣಗಿದ್ದರೆ ಪಂಪಿನ ಹೊಟ್ಟೆಯಲ್ಲಿ ಗಾಳಿಯ ಗುಳ್ಳೆ ಸೇರಿರಬಹುದು. ದ್ರವದಲ್ಲಿರುವ ಗಾಳಿ ಎತ್ತರದ ಜಾಗವನ್ನೇ ಹುಡುಕಿಕೊಂಡು ಹೋಗುವುದರಿಂದ ರೇಡಿಯೇಟರಿನ ಮೇಲ್ತುದಿ ಪಂಪಿಗಿಂತ ಎತ್ತರದಲ್ಲಿರಲೇಬೇಕು. ಪೆಟ್ಟಿಗೆಯ ತಳದಲ್ಲಿ ರೇಡಿಯೇಟರನ್ನು ಮಲಗಿಸಿದರೆ ಎಲ್ಲಕ್ಕಿಂತ ಎತ್ತರದಲ್ಲುಳಿಯುವುದು ಪಂಪೇ, ಗುಳ್ಳೆಗಳೆಲ್ಲ ಅಲ್ಲಿಗೇ ಬಂದು ಸೇರಿ ಅದು ಗೊಳಗೊಳ ಸದ್ದು ಮಾಡುತ್ತ ನೀರಿಲ್ಲದೆ ತಿರುಗಿ ಸವೆಯುತ್ತದೆ.

ಪಂಪಿನದು ತಪ್ಪಿಲ್ಲವೆಂದಾದರೆ ಕೂಲರನ್ನು ಬಿಚ್ಚಿ ಪೇಸ್ಟನ್ನು ನೋಡಬೇಕು. ಬಿಚ್ಚಿದಾಗ ಕಾಣುವ ಗುರುತು ಬಹಳ ಮಾತಾಡುತ್ತದೆ. ಒಳ್ಳೆಯ ಪೇಸ್ಟಿನ ಉಷ್ಣವಾಹಕತೆಯೂ ತಾಮ್ರದ್ದರ ನಲವತ್ತರಲ್ಲೊಂದು ಪಾಲನ್ನು ಮುಟ್ಟುವುದು ಕಷ್ಟ, ಆದರೆ ಗಾಳಿಗಿಂತ ಅದು ನೂರಾರು ಪಟ್ಟು ಮೇಲು. ಅಂದರೆ ಅದರ ಕೆಲಸ ಎರಡು ಲೋಹಗಳ ನಡುವಿನ ಕಣ್ಣಿಗೆ ಕಾಣದ ತಗ್ಗುಗಳಲ್ಲಿರುವ ಗಾಳಿಯನ್ನು ಹೊರಗಟ್ಟುವುದಷ್ಟೇ, ದಪ್ಪವಾಗಿ ಬಳಿದರೆ ಅದೇ ಒಂದು ಕಂಬಳಿಯಾಗುತ್ತದೆ. ಮಧ್ಯದಲ್ಲಿ ಪೇಸ್ಟು ಒತ್ತಿಹೋಗಿ ಲೋಹದ ಬಣ್ಣ ಮಸುಕಾಗಿ ಕಾಣುತ್ತಿದ್ದು ಅಂಚಿನ ಕಡೆಗೆ ದಪ್ಪನಾಗುತ್ತ ಹೋಗಿದ್ದರೆ ಕೂರಿಕೆ ಚೆನ್ನಾಗಿತ್ತು. ಒಂದು ಮೂಲೆಯಲ್ಲಿ ಮುದ್ದೆಮುದ್ದೆಯಾಗಿ, ಎದುರು ಮೂಲೆಯಲ್ಲಿ ಒರೆಸಿದಂತೆ ಬರಿದಾಗಿದ್ದರೆ ಸ್ಕ್ರೂಗಳನ್ನು ಒಂದಾದ ಮೇಲೊಂದರಂತೆ ಪೂರ್ತಿ ಬಿಗಿದಿದ್ದಾರೆ. ಅವನ್ನು ಕರ್ಣಕ್ಕೆ ಕರ್ಣವಾಗಿ, ಎರಡೆರಡೇ ಸುತ್ತು ತಿರುಗಿಸುತ್ತ ಸಮವಾಗಿ ಇಳಿಸಬೇಕು. ಕೋರ್‌ಗಳ ನಡುವೆ ಹದಿನೈದು ಇಪ್ಪತ್ತು ಡಿಗ್ರಿ ವ್ಯತ್ಯಾಸ ಕಾಣುತ್ತಿದ್ದರೆ ಇಂಥ ಓರೆ ಕೂರಿಕೆಯನ್ನು ಬಿಚ್ಚುವ ಮೊದಲೇ ಊಹಿಸಬಹುದು. ಇಂಟೆಲ್‌ನ ಎಲ್‌ಜಿಎ1700 ಸಾಕೆಟ್ಟಿನಲ್ಲಿ ಹಿಡಿಕೆಯ ಒತ್ತಡಕ್ಕೆ ಪ್ರೊಸೆಸರಿನ ಮುಚ್ಚಳವೇ ತುಸು ಬಾಗಿ ಮಧ್ಯದಲ್ಲಿ ತಗ್ಗು ಬೀಳುವ ಸಮಸ್ಯೆಯೂ ಇತ್ತು, ಅದಕ್ಕೆಂದೇ ಒತ್ತಡವನ್ನು ನಾಲ್ಕೂ ಬದಿಗೆ ಹಂಚುವ ಚೌಕಟ್ಟುಗಳು ಮಾರುಕಟ್ಟೆಗೆ ಬಂದವು. ಹೊಸದಾಗಿ ಜೋಡಿಸಿದ ಯಂತ್ರವಾದರೆ ತಾಮ್ರದ ತಳಕ್ಕೆ ಅಂಟಿಸಿ ಕಳುಹಿಸುವ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ಸುಲಿದಿದ್ದಾರೆಯೇ ಎಂದೂ ನೋಡಬೇಕು. ಇದು ಯಾರಿಂದಲೂ ಆಗಬಹುದಾದ ತಪ್ಪು, ಅದರ ಗೆರೆಯೂ ನೆಟ್ಟಗೆ ಗೋಡೆಯಂತೆಯೇ ಇರುತ್ತದೆ.

ದಿಬ್ಬದಂಥ ಗೆರೆಯ ದೋಷಗಳು ಇವಕ್ಕಿಂತ ಸುಲಭದವು, ನಮ್ಮ ಊರುಗಳಲ್ಲಿ ಇವೇ ಹೆಚ್ಚು. ರೇಡಿಯೇಟರಿನ ಹೊರಮೈ ನೋಡಲು ಸ್ವಚ್ಛವಾಗಿದ್ದರೂ ಫ್ಯಾನುಗಳನ್ನು ಬಿಚ್ಚಿ ತೆಗೆದಾಗ ಅವುಗಳ ಹಿಂದೆ, ಅಲ್ಯೂಮಿನಿಯಂ ರೆಕ್ಕೆಗಳ ಬಾಯಿಗೆ, ಬೂದುಬಣ್ಣದ ಉಣ್ಣೆಯಂಥ ಧೂಳಿನ ಹಾಸು ಅಂಟಿರುತ್ತದೆ. ಬೆರಳಲ್ಲಿ ತುದಿ ಹಿಡಿದೆಳೆದರೆ ಬಟ್ಟೆಯ ಚೂರಿನಂತೆ ಇಡಿಯಾಗಿ ಎದ್ದು ಬರುತ್ತದೆ. ಬ್ಲೋವರಿನಿಂದ ಊದುವಾಗ ಗಾಳಿ ಸಾಮಾನ್ಯವಾಗಿ ಹರಿಯುವ ದಿಕ್ಕಿಗೆ ವಿರುದ್ಧವಾಗಿ ಊದಬೇಕು, ಫ್ಯಾನಿನ ರೆಕ್ಕೆ ಮಿತಿಮೀರಿದ ವೇಗದಲ್ಲಿ ತಿರುಗದಂತೆ ಬೆರಳಿಟ್ಟು ಹಿಡಿದಿರಬೇಕು. ಫ್ಯಾನು ತಿರುಗುಮುರುಗಾಗಿ ಕೂತಿದೆಯೇ ಎಂಬುದನ್ನು ತಿಳಿಯಲು ಅಡ್ಡಪಟ್ಟಿಗಳಿರುವ ಬದಿಯನ್ನು ನೋಡಿದರಾಯಿತು, ಗಾಳಿ ಹೊರಡುವುದು ಆ ಕಡೆಗೆ. ಪೆಟ್ಟಿಗೆಯ ಮೇಲ್ಭಾಗದಲ್ಲಿ ಕೂತ ರೇಡಿಯೇಟರ್ ಗ್ರಾಫಿಕ್ಸ್ ಕಾರ್ಡು ಉಗುಳಿದ ಬಿಸಿಗಾಳಿಯನ್ನೇ ಉಸಿರಾಡುತ್ತದೆ. ಆರ್‌ಟಿಎಕ್ಸ್ 4090ರಂಥ ಕಾರ್ಡಿನ ಮಿತಿ 450 ವ್ಯಾಟ್ ಎಂಬುದನ್ನು ಗಮನಿಸಿದರೆ, ಆಟವಾಡುವಾಗ ಮಾತ್ರ ಪ್ರೊಸೆಸರ್ ಬಿಸಿಯಾಗುತ್ತದೆ ಎಂಬ ದೂರಿಗೆ ಕಾರಣ ಕೂಲರಿನಾಚೆಗೇ ಸಿಗುತ್ತದೆ. ಪೆಟ್ಟಿಗೆಯ ಪಕ್ಕದ ಗಾಜನ್ನು ತೆಗೆದಿಟ್ಟು ಅದೇ ಪರೀಕ್ಷೆಯನ್ನು ಮತ್ತೆ ನಡೆಸಿದಾಗ ಅಂಕಿ ಗಣನೀಯವಾಗಿ ಇಳಿದರೆ ತಪ್ಪು ಪೆಟ್ಟಿಗೆಯ ಗಾಳಿಸಂಚಾರದ್ದು. ಇಷ್ಟೆಲ್ಲ ಸೇರಿ ಏಳುನೂರು ವ್ಯಾಟ್ ಹೊರಬಿಡುವ ಯಂತ್ರವನ್ನು ಕಿಟಕಿ ಮುಚ್ಚಿದ ಸಣ್ಣ ಕೋಣೆಯಲ್ಲಿಟ್ಟರೆ ಅದು ಒಂದು ರೂಮ್ ಹೀಟರೇ ಆಗಿ ತನ್ನ ಕಾವಿನಲ್ಲಿ ತಾನೇ ಬೇಯುತ್ತದೆ.

ಮೂರು ನಾಲ್ಕು ವರ್ಷ ಚೆನ್ನಾಗಿ ನಡೆದ ಕೂಲರು ಧೂಳು ತೆಗೆದರೂ ಪೇಸ್ಟ್ ಬದಲಾಯಿಸಿದರೂ ಚೇತರಿಸದಿದ್ದರೆ ದೋಷ ದ್ರವದ್ದೇ ಆಗಿರಬಹುದು. ರಬ್ಬರ್ ಕೊಳವೆಯ ಗೋಡೆಯ ಮೂಲಕ ನೀರು ಅಣುಅಣುವಾಗಿ ಆವಿಯಾಗಿ ಹೋಗುತ್ತದೆ, ಹೊರಗೆ ಒಂದು ಹನಿಯೂ ಕಾಣದು, ಒಳಗೆ ಗಾಳಿಯ ಪಾಲು ವರ್ಷದಿಂದ ವರ್ಷಕ್ಕೆ ಹೆಚ್ಚುತ್ತದೆ. ಬಹುತೇಕ ಎಐಒಗಳಲ್ಲಿ ರೇಡಿಯೇಟರ್ ಅಲ್ಯೂಮಿನಿಯಮ್ಮಿನದು, ತಳ ತಾಮ್ರದ್ದು. ಒಂದೇ ದ್ರವದಲ್ಲಿ ಎರಡು ಬೇರೆ ಲೋಹಗಳಿದ್ದರೆ ಬ್ಯಾಟರಿಯೊಳಗೆ ನಡೆಯುವಂಥ ಕ್ರಿಯೆ ನಡೆದು ಅಲ್ಯೂಮಿನಿಯಂ ಸವೆಯುತ್ತದೆ, ಅದನ್ನು ತಡೆಯುವ ತುಕ್ಕುನಿರೋಧಕದ ಬಲ ಕುಂದಿದ ಮೇಲೆ ಉದುರಿದ ಕೆಸರು ಹೋಗಿ ಕೂರುವುದು ಆ ಕೂದಲಗಲದ ಕಾಲುವೆಗಳಲ್ಲೇ. ಬಾಯಿ ಮುಚ್ಚಿದ ಎಐಒವನ್ನು ಕೊರೆದು ಮನೆಯಲ್ಲಿ ನೀರು ತುಂಬುವ ಪ್ರಯತ್ನ ಮಾಡದಿರುವುದೇ ಲೇಸು, ವಾರಂಟಿ ಇದ್ದರೆ ಬದಲಿಸಿಕೊಳ್ಳಬೇಕು. ಕೊಳವೆ ಜಲಾಶಯಗಳನ್ನೆಲ್ಲ ತಾವೇ ಜೋಡಿಸಿಕೊಂಡವರು ಮರುಭರ್ತಿಗೆ ನಲ್ಲಿಯ ನೀರನ್ನೂ ಬೋರ್‌ವೆಲ್ ನೀರನ್ನೂ ಬಳಸಲೇಬಾರದು. ಪಾತ್ರೆಯ ತಳಕ್ಕೆ ಬಿಳಿ ಗಟ್ಟಿಯನ್ನು ಕಟ್ಟಿಸುವ ಆ ಗಡಸು ನೀರು ಕಾಲುವೆಗಳಲ್ಲೂ ಅದನ್ನೇ ಮಾಡುತ್ತದೆ. ಶುದ್ಧ ಡಿಸ್ಟಿಲ್ಡ್ ವಾಟರಿನ ಜೊತೆಗೆ ತುಕ್ಕು ಮತ್ತು ಪಾಚಿ ತಡೆಯುವ ರಾಸಾಯನಿಕವನ್ನು ಸೇರಿಸಿಯೇ ತುಂಬಬೇಕು. ಜೋಡಣೆಗಳ ಬಳಿ ಬಿಳಿ ಇಲ್ಲವೇ ಹಸಿರು ಹೊಪ್ಪಳೆ ಕಂಡರೆ ಸೋರಿಕೆ ಶುರುವಾಗಿದೆ, ಯಂತ್ರವನ್ನು ಆ ಕ್ಷಣವೇ ಆರಿಸಿ ಪ್ಲಗ್ ಕಿತ್ತಿಡಬೇಕು.

ಕೂಲರಿನಲ್ಲಿ ಯಾವ ದೋಷವೂ ಸಿಗದಿದ್ದಾಗ ತಿರುಗಿ ನೋಡಬೇಕಾದ್ದು ಪ್ರೊಸೆಸರಿಗೆ ಉಣಿಸುತ್ತಿರುವ ವಿದ್ಯುತ್ತನ್ನು. ಹಲವು ಮದರ್‌ಬೋರ್ಡುಗಳು ವೇಗದ ಪೈಪೋಟಿಗಾಗಿ ತಯಾರಕರ ವಿದ್ಯುತ್ ಮಿತಿಯನ್ನು ಮೊದಲಿನಿಂದಲೇ ತೆಗೆದುಹಾಕಿರುತ್ತವೆ, 253 ವ್ಯಾಟಿನ ಪ್ರೊಸೆಸರ್ ಮುನ್ನೂರನ್ನು ಮೀರುತ್ತದೆ, ಬೈಗುಳ ಮಾತ್ರ ಕೂಲರಿನ ಪಾಲಾಗುತ್ತದೆ. ಇಂಟೆಲ್‌ನ 13 ಮತ್ತು 14ನೇ ತಲೆಮಾರಿನ ಡೆಸ್ಕ್‌ಟಾಪ್ ಪ್ರೊಸೆಸರುಗಳು ಅಗತ್ಯಕ್ಕಿಂತ ಹೆಚ್ಚು ವೋಲ್ಟೇಜ್ ಕೇಳುತ್ತ ಕ್ರಮೇಣ ಅಸ್ಥಿರವಾಗುತ್ತಿದ್ದ ವಿಷಯ 2024ರಲ್ಲಿ ದೊಡ್ಡ ಸುದ್ದಿಯಾಯಿತು. ಆ ವರ್ಷದ ಆಗಸ್ಟ್‌ನಲ್ಲಿ ಕಂಪನಿ ಮೈಕ್ರೋಕೋಡ್, ಅಂದರೆ ಪ್ರೊಸೆಸರಿನೊಳಗಿನ ಮೂಲ ಆದೇಶಗಳ ಪರಿಷ್ಕರಣೆಯನ್ನು ಹೊರತಂದು ವಾರಂಟಿಯನ್ನೂ ಎರಡು ವರ್ಷ ವಿಸ್ತರಿಸಿತು. ಆದರೆ ಅದಾಗಲೇ ಹಾನಿಗೊಳಗಾದ ಚಿಪ್ಪನ್ನು ಆ ಪರಿಷ್ಕರಣೆ ಸರಿಪಡಿಸಲಾರದು. ಅಂಥ ಪ್ರೊಸೆಸರ್ ಉಳ್ಳವರು ಕೂಲರಿಗೆ ಕೈ ಹಾಕುವ ಮೊದಲು ಬಯಾಸನ್ನು ಹೊಸದಾಗಿಸುವುದು ಕರ್ತವ್ಯ.

ಎಎಂಡಿಯ ರೈಜೆನ್ 7000 ಸರಣಿಯ ಮೇಲಿನ ಮಾದರಿಗಳ ವಿಷಯವೇ ಬೇರೆ. ಪೂರ್ಣ ಭಾರದಲ್ಲಿ 95 ಡಿಗ್ರಿ ಮುಟ್ಟಿ ಅಲ್ಲೇ ನಿಲ್ಲುವುದು ಅವುಗಳ ವಿನ್ಯಾಸದಲ್ಲೇ ಇದೆ; ಕೂಲರು ಉತ್ತಮವಾದಷ್ಟೂ ಅವು ಉಳಿದ ಅವಕಾಶವನ್ನು ವೇಗಕ್ಕೆ ತಿರುಗಿಸಿಕೊಳ್ಳುತ್ತವೆಯೇ ಹೊರತು ಉಷ್ಣತೆಯನ್ನು ಇಳಿಸುವುದಿಲ್ಲ. ಇಲ್ಲಿ ನೋಡಬೇಕಾದ್ದು ಡಿಗ್ರಿಯನ್ನಲ್ಲ, ಗಡಿಯಾರದ ವೇಗವನ್ನು: ಹದಿನೈದು ನಿಮಿಷದ ಭಾರದ ಕೆಲಸದಲ್ಲೂ ಅದು ತಯಾರಕರು ಹೇಳಿದ ಮೂಲವೇಗಕ್ಕಿಂತ ಸಾಕಷ್ಟು ಮೇಲಿದ್ದರೆ ಕೂಲರು ತನ್ನ ಕೆಲಸ ಮಾಡುತ್ತಿದೆ. ಅಂಕಿಯನ್ನೇ ಇಳಿಸಬೇಕೆನ್ನುವವರು ಬಯಾಸಿನ ಇಕೋ ಮೋಡಿನಲ್ಲಿ ವಿದ್ಯುತ್ ಮಿತಿಯನ್ನು ತಗ್ಗಿಸಬಹುದು, ಇಲ್ಲವೇ ಪ್ರತಿ ಕೋರಿನ ವೋಲ್ಟೇಜನ್ನು ಸ್ವಲ್ಪಸ್ವಲ್ಪವೇ ಇಳಿಸಿ ಸ್ಥಿರತೆಯನ್ನು ಪರೀಕ್ಷಿಸಬಹುದು. ವೋಲ್ಟೇಜಿನ ವರ್ಗದ ನಿಯಮ ಆಗ ನಮ್ಮ ಕಡೆಗೆ ಕೆಲಸ ಮಾಡುವುದರಿಂದ ವೇಗದಲ್ಲಿ ಕಳೆದುಕೊಳ್ಳುವುದು ಅಲ್ಪ, ಕಾವಿನಲ್ಲಿ ಉಳಿಯುವುದು ಬಹಳ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಭಾಗಗಳನ್ನು ಕೊಂಡು ತಂದು ಯಂತ್ರ ಕಟ್ಟಿಕೊಂಡವರಿರಲಿ, ಕಟ್ಟಿಸಿಕೊಂಡವರಿರಲಿ, ಕೆಲಸ ಮುಗಿದ ದಿನವೇ ಕೋಣೆ, ದ್ರವ, ಪ್ರೊಸೆಸರುಗಳ ಉಷ್ಣತೆಯನ್ನೂ ಪಂಪಿನ ವೇಗವನ್ನೂ ಒಂದು ಚೀಟಿಯಲ್ಲಿ ತಾರೀಖು ಸಮೇತ ಬರೆದು ಪೆಟ್ಟಿಗೆಯ ಬಾಗಿಲಿನ ಒಳಮೈಗೆ ಅಂಟಿಸಿಟ್ಟರೆ, ಮುಂದಿನ ಏಪ್ರಿಲ್‌ನಲ್ಲಿ ಫ್ಯಾನುಗಳು ಅರಚತೊಡಗಿದಾಗ ಹೋಲಿಸಿ ನೋಡಲು ನಾಲ್ಕು ಅಂಕಿಗಳು ಕೈಯಲ್ಲಿರುತ್ತವೆ.